ದುಡಿಮೆ ಬೇರೆ, ವ್ಯಾಯಾಮ ಬೇರೆ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಒಂದೊಂದು ಬೆಳೆಯ ಭಾರ ಮೈಯ ಒಂದೊಂದು ಕೀಲಿನ ಮೇಲೆ ಬೀಳುತ್ತದೆ. ಹಾನಗಲ್ಲಿನ ಭತ್ತದ ಗದ್ದೆಯಲ್ಲಿ ನಾಟಿಗೂ ಕಳೆಗೂ ಬಗ್ಗಿದವರಿಗೆ ಸೊಂಟ ಮತ್ತು ಮೊಣಕಾಲು. ಸವಣೂರಿನ ಎಲೆಬಳ್ಳಿ ತೋಟದಲ್ಲಿ ಕೈ ಮೇಲೆತ್ತಿಕೊಂಡೇ ಎಲೆ ಕೊಯ್ಯುವವರಿಗೆ ಹೆಗಲು ಮತ್ತು ಹೆಬ್ಬೆರಳು. ಶಿಗ್ಗಾವಿ ಕಡೆ ಗೋವಿನಜೋಳದ ತೆನೆ ಮುರಿದು ಸುಲಿಯುವವರಿಗೆ ಮಣಿಕಟ್ಟು ಮತ್ತು ಮೊಣಕೈ. ಹಿರೇಕೆರೂರಿನ ಬೀಜದ ಹತ್ತಿ ಹೊಲಗಳಿಗೆ ಕೈಯಿಂದ ಪರಾಗ ಹಚ್ಚುವ ಕ್ರಾಸಿಂಗ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಬೆರಳು ಮತ್ತು ಕತ್ತು. ನೋವು ಬಂದಾಗ ಸಿಗುವ ಚಿಕಿತ್ಸೆ ಮಾತ್ರ ಬೆಳೆ ನೋಡಿ, ಕೀಲು ನೋಡಿ ಬದಲಾಗುವುದಿಲ್ಲ. ಒಂದು ಸೂಜಿ, ಐದು ದಿನದ ಗುಳಿಗೆ, ಹಚ್ಚಿಕೊಳ್ಳಲು ಒಂದು ಟ್ಯೂಬು, ಜೊತೆಗೆ ‘ವಿಶ್ರಾಂತಿ ತಗೋರಿ’ ಎಂಬ ಮಾತು. ಈ ಭಾಗದ ಬಹುಪಾಲು ಕೀಲುನೋವು ಮತ್ತು ಸ್ನಾಯುರಜ್ಜು ನೋವುಗಳಿಗೆ ವೈದ್ಯವಿಜ್ಞಾನ ಇವತ್ತು ಮೊದಲ ಮದ್ದೆಂದು ಒಪ್ಪಿರುವುದು ಅಳತೆಯಿಟ್ಟು ಏರಿಸುತ್ತ ಹೋಗುವ ವ್ಯಾಯಾಮವನ್ನು. ಎಲ್ಲಕ್ಕಿಂತ ಅಗ್ಗವಾದ ಆ ಮದ್ದು ಇಲ್ಲಿನ ಜನರಿಗೆ ಸಿಗುವುದು ಎಲ್ಲಕ್ಕಿಂತ ಕಡೆಗೆ. ಅನೇಕರಿಗೆ ಅದು ಸಿಗುವುದೇ ಇಲ್ಲ.

ವಯಸ್ಸಾದವರ ಕಿರಿಕಿರಿ ಎಂದು ಇದನ್ನು ಬದಿಗೆ ಸರಿಸುವಂತಿಲ್ಲ. ಪುಣೆ ಜಿಲ್ಲೆಯ ಭಿಗವಣದಲ್ಲಿ ಡಾ. ಅರವಿಂದ ಚೋಪ್ರಾ ಮತ್ತು ಸಂಗಡಿಗರು 1996ರಲ್ಲಿ ಮನೆಮನೆಗೆ ಹೋಗಿ ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿದ್ದರು. ಅವರಲ್ಲಿ ನೂರಕ್ಕೆ 18 ಮಂದಿಗೆ ಮೂಳೆ, ಕೀಲು, ಸ್ನಾಯುಗಳ ನೋವಿತ್ತು. ಹಳ್ಳಿಗಾಡಿನ ಊರಿನ ಲೆಕ್ಕವಾದ್ದರಿಂದ ಅದು ನಮಗೆ ದೂರದ್ದಲ್ಲ. ದೇಶದ ಐದು ಕಡೆ ನಡೆದು 2016ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ, ಪರೀಕ್ಷೆಗೆ ಒಳಗಾದವರ ಪೈಕಿ ಶೇ 28.7ರಷ್ಟು ಮಂದಿಗೆ ಮೊಣಕಾಲಿನ ಸವೆತದ ಸಂಧಿವಾತ ಕಂಡುಬಂತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗೆ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ತಪಾಸಣೆ ಮಾಡುತ್ತಾರೆ, ಅದು ಒಳ್ಳೆಯದೇ. ಆದರೆ ಹೆಂಗಸೊಬ್ಬಳು ನೆಲದಿಂದ ಏಳಲು ಗೋಡೆ ಹಿಡಿಯಬೇಕಾಗಿದೆ ಎಂಬುದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಕೀಲುನೋವಿನಿಂದ ಜೀವ ಹೋಗುವುದಿಲ್ಲ, ಕೂಲಿ ಹೋಗುತ್ತದೆ. ಕೂಲಿ ಹೋದ ಮನೆಯಲ್ಲಿ ಏನೇನು ಹೋಗುತ್ತದೆ ಎಂಬುದನ್ನು ಈ ತಾಲ್ಲೂಕುಗಳ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ತಪ್ಪು ತಿಳಿವಳಿಕೆ ಶುರುವಾಗುವುದು ಎಕ್ಸ್‌ರೇ ಹಾಳೆಯಿಂದ. ‘ಕೀಲು ಸವದಾವ, ಗ್ಯಾಪ್ ಕಡಿಮಿ ಆಗೇದ’ ಎಂದು ಕೇಳಿದವರು ಸಹಜವಾಗಿಯೇ ಇನ್ನಷ್ಟು ಸವೆಯದಿರಲಿ ಎಂದು ಕಾಲು ಮಡಚುವುದನ್ನೇ ಬಿಡುತ್ತಾರೆ. ಮೂಳೆಯ ತುದಿಗೆ ಹೊದ್ದಿರುವ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಕೀಲಿನ ಮೇಲೆ ಭಾರ ಬಿದ್ದು ಸಡಿಲವಾದಂತೆಲ್ಲ ಅದರೊಳಗಿನ ದ್ರವ ಒಳಹೊರಗೆ ಹರಿದಾಡುತ್ತದೆ. ಮೃದ್ವಸ್ಥಿಗೆ ಪೋಷಣೆ ಸಿಗುವುದು ಆಗಲೇ. ಅಲುಗಾಡದ ಕೀಲು ಉಪವಾಸ ಬಿದ್ದ ಕೀಲು. ತೊಡೆಯ ಮುಂಭಾಗದ ಸ್ನಾಯು ಬಡವಾದರೆ, ಅದು ಹೊರಬೇಕಾದ ಭಾರವನ್ನು ಮೊಣಕಾಲೇ ಹೊರಬೇಕಾಗುತ್ತದೆ. ಎಕ್ಸ್‌ರೇಯಲ್ಲಿ ಬಹಳ ಸವೆದಂತೆ ಕಾಣುವ ಕೆಲವರಿಗೆ ನೋವೇ ಇರುವುದಿಲ್ಲ, ಅಲ್ಪಸ್ವಲ್ಪ ಬದಲಾವಣೆ ಇರುವವರು ನಡೆಯಲಾರದೆ ಕಷ್ಟಪಡುತ್ತಾರೆ. ಚಿತ್ರಕ್ಕೂ ನೋವಿಗೂ ಇರುವ ನಂಟು ಅಷ್ಟು ಸಡಿಲ.

ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಿನ ಕಥೆ ಇನ್ನೂ ಕುತೂಹಲದ್ದು. ನಮ್ಮ ಜನ ಇದನ್ನು ನರ ಎಂದೇ ಕರೆಯುತ್ತಾರೆ. ‘ನರ ಹಿಡ್ಕೊಂಡೈತಿ’ ಎಂಬ ದೂರಿನಲ್ಲಿ ಬಹುಸಲ ಇರುವುದು ಈ ಹಗ್ಗದ ನೋವು. ಬಹುಕಾಲ ವೈದ್ಯರೂ ಇದನ್ನು ಉರಿಯೂತ ಎಂದೇ ತಿಳಿದು ಉರಿಯೂತ ತಗ್ಗಿಸುವ ಔಷಧ ಕೊಟ್ಟರು. ದೀರ್ಘಕಾಲ ನೋಯುತ್ತಿದ್ದ ರಜ್ಜುವಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉರಿಯೂತದ ಕೋಶಗಳು ಕಂಡದ್ದು ಬಲು ಕಡಿಮೆ. ಕಂಡದ್ದು ಎಳೆಗಳು ಅಸ್ತವ್ಯಸ್ತವಾಗಿ, ದುರಸ್ತಿ ಅರ್ಧಕ್ಕೇ ನಿಂತ ಸ್ಥಿತಿ. ಹೊರಲಾರದಷ್ಟು ಭಾರ ಮತ್ತೆ ಮತ್ತೆ ಬಿದ್ದು, ನಡುವೆ ಚೇತರಿಸಿಕೊಳ್ಳಲು ಪುರಸತ್ತು ಸಿಗದಿದ್ದಾಗ ಹೀಗಾಗುತ್ತದೆ. ಸ್ವೀಡನ್ನಿನ ಹಾಕನ್ ಆಲ್‌ಫ್ರೆಡ್‌ಸನ್ ಎಂಬ ಮೂಳೆತಜ್ಞರು 1998ರಲ್ಲಿ, ಹಿಮ್ಮಡಿಯ ಮೇಲಿನ ರಜ್ಜು ನೋಯುತ್ತಿದ್ದ 15 ಮಂದಿಗೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನ ಕೆಳಗಿಳಿಸುವ ವ್ಯಾಯಾಮ ಕೊಟ್ಟರು: ದಿನಕ್ಕೆ ಎರಡು ಹೊತ್ತು, ಒಟ್ಟು 180 ಸಲ, 12 ವಾರ. ಶಸ್ತ್ರಚಿಕಿತ್ಸೆಗೆ ಕಾದಿದ್ದ ಆ ಹದಿನೈದೂ ಮಂದಿ ಮತ್ತೆ ಓಡತೊಡಗಿದರು. ಪ್ರಯೋಗ ಚಿಕ್ಕದು, ನಂತರದ ದೊಡ್ಡ ಅಧ್ಯಯನಗಳಲ್ಲಿ ಫಲ ಅಷ್ಟು ನಾಟಕೀಯವಾಗಿರಲಿಲ್ಲ. ಆದರೂ ನೋಯುವ ರಜ್ಜುವಿಗೆ ಅಳತೆಯ ಭಾರವೇ ಚಿಕಿತ್ಸೆ ಎಂಬ ತಿಳಿವು ಅಲ್ಲಿಂದ ಮುಂದೆ ಗಟ್ಟಿಯಾಯಿತು.

ಇಲ್ಲಿ ಏಳುವ ಮೊದಲ ಆಕ್ಷೇಪಣೆ ನ್ಯಾಯವಾದದ್ದು. ‘ದಿನಾ ಹೊಲದಾಗ ಮೈಮುರಿದು ದುಡಿಯೋರಿಗೆ ಮತ್ತೆ ಎಂಥಾ ವ್ಯಾಯಾಮ? ಅದೇನಿದ್ದರೂ ಪ್ಯಾಟಿ ಮಂದಿಗೆ.’ ಹೊಲದ ಕೆಲಸದಲ್ಲಿ ಭಾರವನ್ನು ನಿರ್ಧರಿಸುವುದು ಬೆಳೆ, ಮಳೆ, ಮಾಲೀಕನ ಅವಸರ. ಮೈಯ ಶಕ್ತಿ ಅಲ್ಲ. ಗೋವಿನಜೋಳದ ತೆನೆ ಮುರಿಯುವಾಗ ಮಣಿಕಟ್ಟು ಒಂದೇ ಕಡೆಗೆ ಸಾವಿರಾರು ಸಲ ತಿರುಗುತ್ತದೆ, ಅದರ ಎದುರು ದಿಕ್ಕಿಗೆ ಒಮ್ಮೆಯೂ ಭಾರ ಬೀಳುವುದಿಲ್ಲ. ಕುಕ್ಕರಗಾಲಲ್ಲಿ ಕೂತು ಕಸ ತೆಗೆಯುವಾಗ ಮೊಣಕಾಲು ಪೂರ್ತಿ ಮಡಚಿಕೊಂಡು ಒತ್ತಡದಲ್ಲೇ ಇರುತ್ತದೆ, ತೊಡೆಯ ಸ್ನಾಯು ಬಲಗೊಳ್ಳುವಂಥ ಕೆಲಸವೇನೂ ಮಾಡುವುದಿಲ್ಲ. ಬೀಜಿಂಗ್‌ನ ಹಿರಿಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೂ ಯೌವನದಲ್ಲಿ ದಿನವೂ ಬಹುಹೊತ್ತು ಕುಕ್ಕರಗಾಲಲ್ಲಿ ಕೂತವರಿಗೆ ಮುಂದೆ ಮೊಣಕಾಲಿನ ಸವೆತ ಹೆಚ್ಚೆಂದೇ ತೋರಿಸಿತು. ವ್ಯಾಯಾಮದ ಬಗೆ ಇದಕ್ಕೆ ತೀರ ಬೇರೆ. ಮೈ ತಾಳುವಷ್ಟರಿಂದ ಆರಂಭಿಸಿ, ಎಂಟುಹತ್ತು ಸಲ ಮಾಡಿ ನಿಲ್ಲಿಸಿ, ನಡುವೆ ದಣಿವಾರಿಸಿಕೊಂಡು, ವಾರದಿಂದ ವಾರಕ್ಕೆ ತುಸು ಏರಿಸುವುದು. ಕೆಲಸದಲ್ಲಿ ಬಳಕೆಯಾಗದ ಸ್ನಾಯುವನ್ನು ಆರಿಸಿ ಬೆಳೆಸುವುದು. ಕೆಲಸದ ದಣಿವು ಆರೋಗ್ಯಕ್ಕೆ ವ್ಯಾಯಾಮದಷ್ಟು ಲಾಭ ತರುವುದಿಲ್ಲ ಎಂಬುದನ್ನು ಡೆನ್ಮಾರ್ಕಿನ ಸಂಶೋಧಕರು ಹೃದ್ರೋಗದ ವಿಷಯದಲ್ಲಿ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ದುಡಿಯುವ ಮೈ ಗಟ್ಟಿ ಮೈ ಎಂಬ ನಂಬಿಕೆಯಿಂದಾಗಿಯೇ ದುಡಿಯುವವರಿಗೆ ಈ ಚಿಕಿತ್ಸೆ ತಪ್ಪಿಹೋಗಿದೆ. ಅವರಿಗೇ ಅದು ಎಲ್ಲರಿಗಿಂತ ಹೆಚ್ಚು ಬೇಕು.

ಎರಡನೆಯ ಆಕ್ಷೇಪಣೆ ಸೂಜಿಯ ಪರವಾದದ್ದು. ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಲೇಬೇಕಾದವರಿಗೆ 12 ವಾರದ ಮಾತು ಯಾವ ಸಮಾಧಾನ? ಸೂಜಿ ಚುಚ್ಚಿಸಿಕೊಂಡರೆ ಎರಡು ದಿನದಲ್ಲಿ ನೋವು ಇಳಿಯುತ್ತದೆ, ನಿಜ. ಆಮೇಲಿನ ತಿಂಗಳುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಟೆನಿಸ್ ಎಲ್ಬೋ ಎಂಬ ಮೊಣಕೈ ನೋವಿದ್ದ 165 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವನ್ನು ನೋಡಿ. ಅಲ್ಲಿ ಕೆಲವರಿಗೆ ಸ್ಟಿರಾಯ್ಡ್ ಸೂಜಿ, ಕೆಲವರಿಗೆ ಬರೀ ಉಪ್ಪುನೀರಿನ ಸೂಜಿ. ನಾಲ್ಕು ವಾರಕ್ಕೆ ಸ್ಟಿರಾಯ್ಡ್ ಪಡೆದವರೇ ಮುಂದಿದ್ದರು. ವರ್ಷ ಕಳೆಯುವಷ್ಟರಲ್ಲಿ ಅವರಲ್ಲಿ ನೂರಕ್ಕೆ 54 ಮಂದಿಗೆ ನೋವು ಮರುಕಳಿಸಿತ್ತು. ಉಪ್ಪುನೀರು ಪಡೆದವರಲ್ಲಿ ಮರುಕಳಿಸಿದ್ದು ನೂರಕ್ಕೆ 12 ಮಂದಿಗೆ. ಮೊಣಕಾಲಿನ ವಿಷಯದಲ್ಲೂ ಇಂಥದೇ ಪಾಠವಿದೆ. ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ 156 ಮಂದಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ಸ್ಟಿರಾಯ್ಡ್ ಸೂಜಿ, ಇನ್ನೊಂದಕ್ಕೆ ಫಿಸಿಯೋಥೆರಪಿ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ವರ್ಷದ ಬಳಿಕ ನೋವೂ ತೊಂದರೆಯೂ ಕಡಿಮೆಯಿದ್ದದ್ದು ಫಿಸಿಯೋಥೆರಪಿ ಪಡೆದವರಲ್ಲಿ. ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಮೊಣಕಾಲಿಗೆ ಸ್ಟಿರಾಯ್ಡ್ ಹಾಕಿಸಿಕೊಂಡವರ ಮೃದ್ವಸ್ಥಿ ಉಪ್ಪುನೀರು ಹಾಕಿಸಿಕೊಂಡವರದಕ್ಕಿಂತ ಹೆಚ್ಚು ತೆಳುವಾಗಿತ್ತು, ನೋವಿನಲ್ಲಿ ವ್ಯತ್ಯಾಸವಿರಲಿಲ್ಲ ಎಂಬುದು 2017ರ ಇನ್ನೊಂದು ಪ್ರಯೋಗದ ಫಲ.

ಹಾಗೆಂದು ಸೂಜಿಯನ್ನು ಸಾರಾಸಗಟಾಗಿ ಬೈಯುವುದು ಸುಳ್ಳಾದೀತು. ಹೆಬ್ಬೆರಳ ಬುಡದ ರಜ್ಜು ಊದಿಕೊಂಡು ಎಲೆ ಚಿವುಟಲೂ ಆಗದಂಥ ಡಿ ಕ್ವೆರ್ವೇನ್ ತೊಂದರೆಗೆ, ಮಡಚಿದ ಬೆರಳು ಟಕ್ಕೆಂದು ಸಿಕ್ಕಿಕೊಳ್ಳುವ ಟ್ರಿಗರ್ ಫಿಂಗರಿಗೆ, ಪಟ್ಟಿ ಕಟ್ಟಿ ಕೆಲಸ ತಗ್ಗಿಸಿದರೂ ಬಗ್ಗದಿದ್ದಾಗ ತಿಳಿದ ಕೈಯಿಂದ ಸರಿಯಾದ ಜಾಗಕ್ಕೆ ಕೊಟ್ಟ ಒಂದು ಸ್ಟಿರಾಯ್ಡ್ ಸೂಜಿ ನಿಜವಾಗಿ ಗುಣ ಕೊಡುತ್ತದೆ. ಹೆಗಲು ಹಿಡಿದುಕೊಂಡು ಕೈ ಮೇಲೇಳದ ಸ್ಥಿತಿಯ ಮೊದಲ ತಿಂಗಳುಗಳಲ್ಲೂ ಅದು ನೋವು ತಗ್ಗಿಸಿ ವ್ಯಾಯಾಮಕ್ಕೆ ದಾರಿ ಮಾಡುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಈ ಹೆಗಲ ತೊಂದರೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಹೆಗಲು ಹಿಡಿದವರು ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ನಿಜವಾದ ಅಪಾಯ ಬೇರೆಡೆ ಇದೆ. ಪದವಿ ಇಲ್ಲದವರು ಕುಂಡಿಗೆ ಚುಚ್ಚುವ ಹೆಸರಿಲ್ಲದ ಸೂಜಿ, ಪೊಟ್ಟಣದಲ್ಲಿ ಕಟ್ಟಿಕೊಡುವ ವಾಯುವಿನ ಪುಡಿ, ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗುವ ನೋವಿನ ಗುಳಿಗೆ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದು ದೇಶದ ಅನೇಕ ಕಡೆ ಪತ್ತೆಯಾಗಿದೆ. ಬಹುಕಾಲ ತಿಂದ ಸ್ಟಿರಾಯ್ಡ್ ಸಕ್ಕರೆ ಏರಿಸುತ್ತದೆ, ಮೂಳೆ ಪೊಳ್ಳು ಮಾಡುತ್ತದೆ, ತೊಡೆಮೂಳೆಯ ತಲೆಗೆ ರಕ್ತ ನಿಂತು ಕೀಲೇ ಕುಸಿಯುವಂತೆ ಮಾಡಬಲ್ಲದು. ಥಟ್ಟನೆ ನಿಲ್ಲಿಸಿದರೂ ಅಪಾಯ. ಡೈಕ್ಲೊಫೆನಾಕ್‌ನಂಥ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಬಿಸಿಲಲ್ಲಿ ನೀರು ಸಾಲದೆ ದುಡಿಯುವವರಿಗೆ ಆ ಪೆಟ್ಟು ಇನ್ನೂ ಜೋರು.

ದುಡ್ಡಿದ್ದವರನ್ನು ಎಳೆಯುವ ಚಿಕಿತ್ಸೆಗಳದ್ದು ಬೇರೆ ಪಟ್ಟಿ. ಗ್ಲೂಕೋಸಮೀನ್ ಗುಳಿಗೆಯನ್ನು 1,583 ಮಂದಿಯ ಮೇಲೆ ಪರೀಕ್ಷಿಸಿದ 2006ರ ಅಮೆರಿಕದ ಪ್ರಯೋಗದಲ್ಲಿ ಒಟ್ಟಾರೆ ಅದು ಹುಸಿಗುಳಿಗೆಗಿಂತ ಮಿಗಿಲಾಗಲಿಲ್ಲ. ನಮ್ಮದೇ ರಕ್ತದ ಪ್ಲೇಟ್‌ಲೆಟ್ ತೆಗೆದು ಮೊಣಕಾಲಿಗೆ ಹಾಕುವ ಪಿಆರ್‌ಪಿ ಸೂಜಿಯೂ 2021ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಉಪ್ಪುನೀರನ್ನು ಮೀರಲಿಲ್ಲ. ಸವೆದ ಮೊಣಕಾಲಿಗೆ ದುರ್ಬೀನು ಹಾಕಿ ತೊಳೆಯುವ ಶಸ್ತ್ರಚಿಕಿತ್ಸೆಯನ್ನು ಹ್ಯೂಸ್ಟನ್ನಿನಲ್ಲಿ ಬರೀ ಚರ್ಮ ಕೊಯ್ದು ಹೊಲಿದ ಹುಸಿ ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿದಾಗ ಎರಡೂ ಒಂದೇ ಆದವು. ಅದು 2002ರಷ್ಟು ಹಿಂದಿನ ಮಾತು.

ಮೂರನೆಯ ಆಕ್ಷೇಪಣೆಯನ್ನು ವೈದ್ಯರೇ ಎತ್ತಬಹುದು, ಎತ್ತಬೇಕು ಕೂಡ: ಎಲ್ಲ ಕೀಲುನೋವಿಗೂ ವ್ಯಾಯಾಮ ಎಂದರೆ ಗಂಭೀರ ಕಾಯಿಲೆ ಕೈತಪ್ಪಿಹೋಗುವುದಿಲ್ಲವೆ? ಹೋಗುತ್ತದೆ. ಹಿರೇಕೆರೂರಿನ ನೈರುತ್ಯಕ್ಕೆ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಬಡ ಕೃಷಿಕೂಲಿ ಕುಟುಂಬಗಳ ಸೊಂಟ, ಮೊಣಕಾಲು ಹಿಡಿದು ಅವರು ನಡೆಯಲಾರದಂತಾದಾಗ, ಕಾರಣ ಹುಡುಕಲು ವರ್ಷಗಳೇ ಹಿಡಿದವು. ಅದು ವಂಶವಾಹಿಯಲ್ಲಿ ಬರುವ ಮೂಳೆ-ಕೀಲಿನ ಕಾಯಿಲೆ ಎಂದು ಕಡೆಗೆ ತಿಳಿಯಿತು. 2006ರ ಚಿಕುನ್‌ಗುನ್ಯಾವನ್ನು ಈ ಭಾಗದವರು ಮರೆತಿರಲಾರರು. ಆ ವರ್ಷ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಿದ್ದವು, ಅದರಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದವು. ಜ್ವರ ವಾರದಲ್ಲಿ ಬಿಟ್ಟರೂ ಕೀಲುನೋವು ಕೆಲವರನ್ನು ತಿಂಗಳುಗಟ್ಟಲೆ ಕಾಡಿತು. ರುಮಟಾಯ್ಡ್ ಸಂಧಿವಾತದ ವಿಷಯದಲ್ಲಂತೂ ತಡಮಾಡಿದಷ್ಟೂ ನಷ್ಟ. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳ ಗೆಣ್ಣು ಊದಿ, ಅರ್ಧ-ಮುಕ್ಕಾಲು ತಾಸಿಗೂ ಹೆಚ್ಚು ಹೊತ್ತು ಮುಷ್ಟಿ ಕಟ್ಟಲಾಗದಿದ್ದರೆ ಅದು ಸವೆತವಲ್ಲ, ಮೈಯ ರೋಗನಿರೋಧಕ ಶಕ್ತಿ ಕೀಲಿನ ಮೇಲೇ ತಿರುಗಿಬಿದ್ದಿರುವುದರ ಲಕ್ಷಣ. ಮೊದಲ ಕೆಲವು ತಿಂಗಳಲ್ಲೇ ಮೆಥೊಟ್ರೆಕ್ಸೇಟ್ ಆರಂಭಿಸಿದರೆ ಬೆರಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಆ ಗುಳಿಗೆ ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಒಂದೇ ಕೀಲು ಕೆಂಪಾಗಿ ಸುಡುತ್ತಿದ್ದು ಜ್ವರವೂ ಇದ್ದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ವ್ಯಾಯಾಮ ಮೊದಲ ಮದ್ದು ಎನ್ನುವ ಮಾತು ರೋಗ ಯಾವುದೆಂದು ಕೈಮುಟ್ಟಿ ನೋಡಿದ ಮೇಲಿನದು. ಕೀಲು ಮುಟ್ಟಿಯೂ ನೋಡದೆ ಬರೆದುಕೊಡುವ ಚೀಟಿಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಸಲ್ಲುತ್ತದೆ.

ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆಯನ್ನು ಅಲ್ಲಗಳೆಯುವ ಪ್ರಶ್ನೆಯೇ ಇಲ್ಲ. ಮೊಣಕಾಲು ಪೂರ್ತಿ ಹಾಳಾಗಿ ರಾತ್ರಿ ನಿದ್ದೆಯೂ ಬಾರದವರಿಗೆ ಅದು ಹೊಸ ಬದುಕು ಕೊಟ್ಟಿದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿ, ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಕೀಲನ್ನು 54,720 ರೂಪಾಯಿಗೆ ಇಳಿಸಿದ್ದು ಜನಪರ ನಿರ್ಧಾರ. ಆದರೆ 2015ರ ಡೆನ್ಮಾರ್ಕಿನ ಪ್ರಯೋಗವೊಂದನ್ನು ಗಮನಿಸಬೇಕು. ಶಸ್ತ್ರಚಿಕಿತ್ಸೆಗೆ ಅರ್ಹರಾದ 100 ಮಂದಿಯಲ್ಲಿ ಅರ್ಧ ಜನರಿಗೆ ಶಸ್ತ್ರಚಿಕಿತ್ಸೆಯ ಜೊತೆ ವ್ಯಾಯಾಮ, ಇನ್ನರ್ಧ ಜನರಿಗೆ ವ್ಯಾಯಾಮ, ತೂಕ ಇಳಿಕೆ, ಪಾದದ ಅಟ್ಟೆ ಇಂಥವು ಮಾತ್ರ. ಶಸ್ತ್ರಚಿಕಿತ್ಸೆ ಪಡೆದವರೇ ಹೆಚ್ಚು ಸುಧಾರಿಸಿದರು. ಎರಡನೆಯ ಗುಂಪಿನಲ್ಲೂ ಮೂರರಲ್ಲಿ ಎರಡು ಪಾಲು ಜನ ಗಣನೀಯವಾಗಿ ಸುಧಾರಿಸಿದ್ದರು, ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು ಕಾಲುಭಾಗ ಮಾತ್ರ. ಒಂದು ಕಿಲೊ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ನಾಲ್ಕು ಕಿಲೊ ಇಳಿಯುತ್ತದೆ ಎಂಬ ಲೆಕ್ಕವೂ ಇಂಥ ಅಧ್ಯಯನಗಳಿಂದಲೇ ಬಂದದ್ದು. ವ್ಯಾಯಾಮದ ಫಲ ಪವಾಡದ್ದಲ್ಲ. ಸರಾಸರಿಯಲ್ಲಿ ಅದು ನೋವಿನ ಗುಳಿಗೆಯಷ್ಟೇ. ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟಿಲ್ಲದೆ ಅಷ್ಟು ಸಿಕ್ಕರೆ ಬಡವರಿಗೆ ಅದು ಕಡಿಮೆಯದಲ್ಲ.

ಇನ್ನು ಉಳಿದದ್ದು ಕಲಿಸುವವರು ಯಾರು ಎಂಬ ಪ್ರಶ್ನೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಪಟ್ಟಿಯಲ್ಲಿ ವೈದ್ಯರು, ಶುಶ್ರೂಷಕಿ, ಔಷಧ ವಿತರಕ, ಪ್ರಯೋಗಾಲಯ ತಂತ್ರಜ್ಞ ಇದ್ದಾರೆ, ಫಿಸಿಯೋಥೆರಪಿಸ್ಟ್ ಇಲ್ಲ. ಹಿರಿಯರ ಆರೋಗ್ಯಕ್ಕೆಂದು 2010-11ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಸಮುದಾಯ ಆರೋಗ್ಯ ಕೇಂದ್ರಗಳಿಗೆ ಪುನಶ್ಚೇತನ ಸಿಬ್ಬಂದಿಯನ್ನು ಯೋಚಿಸಿತ್ತು. ಅದು ಕಾಗದದಿಂದ ಕೋಣೆಗೆ ಬರಬೇಕು. ಹಣವಿಲ್ಲ ಎಂಬ ಉತ್ತರ ಇಲ್ಲಿ ಒಪ್ಪುವಂಥದ್ದಲ್ಲ, ಏಕೆಂದರೆ ಇದಕ್ಕೆ ಯಂತ್ರ ಬೇಕಿಲ್ಲ. ಡೆನ್ಮಾರ್ಕಿನಲ್ಲಿ 2013ರಿಂದ ನಡೆದಿರುವ ಕಾರ್ಯಕ್ರಮದಲ್ಲಿ ರೋಗಿಗಳಿಗೆ ಗುಂಪಾಗಿ ಕೆಲವು ಪಾಠ, ಆಮೇಲೆ ಆರು ವಾರದಲ್ಲಿ 12 ಸಲ ಕಣ್ಮುಂದೆ ವ್ಯಾಯಾಮ, ಅಷ್ಟೇ. ಸ್ತ್ರೀಶಕ್ತಿ ಸಂಘದ ಸಭೆಯೋ ಅಂಗನವಾಡಿಯ ಜಗುಲಿಯೋ ಇದಕ್ಕೆ ಸಾಕು. ಧಾರವಾಡ, ಹುಬ್ಬಳ್ಳಿಗಳಲ್ಲಿ ಫಿಸಿಯೋಥೆರಪಿ ಕಾಲೇಜುಗಳಿವೆ, ಹಾವೇರಿಗೇ ವೈದ್ಯಕೀಯ ಕಾಲೇಜು ಬಂದಿದೆ. ತರಬೇತಿಯ ಕೊನೆಯ ತಿಂಗಳುಗಳ ಫಿಸಿಯೋಥೆರಪಿ ವಿದ್ಯಾರ್ಥಿಗಳನ್ನು ಈ ನಾಲ್ಕು ತಾಲ್ಲೂಕು ಆಸ್ಪತ್ರೆಗಳಿಗೆ ಸರದಿಯಲ್ಲಿ ಕಳಿಸಿದರೆ ಅವರಿಗೂ ದುಡಿಯುವ ಮೈಯ ಪರಿಚಯವಾಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳ ಬಸ್ ಖರ್ಚು ಉಳಿದಿದೆ. ಉಳಿಯದಿರುವುದು ಆ ದಿನದ ಕೂಲಿ. ಆದ್ದರಿಂದ ಚಿಕಿತ್ಸೆ ಸಂತೆಯ ದಿನ ಅಥವಾ ಸಂಜೆ ಹೊತ್ತು, ಆದಷ್ಟು ಊರಿಗೇ ಬರಬೇಕು. ಕೂತು ಕಸ ತೆಗೆಯುವ ಬದಲು ನಿಂತು ತಳ್ಳುವ ಸೈಕಲ್ ಎಡೆಕುಂಟೆಯಂಥ ಸಲಕರಣೆಗಳನ್ನು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಕೂಲಿ ಹೆಂಗಸರ ಕೈಗೆ ತಲುಪಿಸಿದರೆ ಅದೂ ಕೀಲಿನ ಚಿಕಿತ್ಸೆಯೇ.

ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದೂ ಇದೆ. ಮೊಣಕಾಲು ನೋಯುವವರು ಮಂಚದ ಅಂಚಿಗೆ ಕೂತು ಕೈ ಊರದೆ ನಿಧಾನ ಎದ್ದು ನಿಧಾನ ಕೂರಲಿ, ಎಂಟು ಸಲ, ದಿನಕ್ಕೆ ಎರಡು ಹೊತ್ತು. ಮೊಣಕೈ ನೋಯುವವರು ಮುಂಗೈಯನ್ನು ಮೇಜಿನ ಮೇಲಿಟ್ಟು, ಅರ್ಧ ತಂಬಿಗೆ ನೀರು ಹಿಡಿದ ಕೈಯನ್ನು ಮಣಿಕಟ್ಟಿನಿಂದ ಮೆಲ್ಲಗೆ ಇಳಿಸಲಿ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಎಣಿಕೆ ಇಳಿಸಬೇಕು. ವೈದ್ಯರ ಹತ್ತಿರ ಹೋದಾಗ ಸೂಜಿ ಬೇಡುವ ಮೊದಲು ಎರಡು ಮಾತು ಕೇಳಿ: ನನ್ನದು ಸವೆತವೋ ರಜ್ಜುವಿನ ನೋವೋ ಬೇರೆ ಕಾಯಿಲೆಯೋ, ಇದಕ್ಕೆ ಯಾವ ವ್ಯಾಯಾಮ ಮಾಡಬೇಕು? ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಶಾಸಕರು ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳು ಬರುವ ಬಜೆಟ್ಟಿಗೆ ಮುನ್ನ ಪ್ರತಿ ತಾಲ್ಲೂಕಿಗೆ ಕನಿಷ್ಠ ಇಬ್ಬರು ಫಿಸಿಯೋಥೆರಪಿಸ್ಟ್ ಹುದ್ದೆ ಕೇಳಿ ತರಬೇಕು. ಅವರಲ್ಲಿ ಒಬ್ಬರು ವಾರವಿಡೀ ಹಳ್ಳಿಗಳಲ್ಲೇ ಇರಬೇಕು.